ಹನುಮಂತಪ್ಪನ ಹೆಸರಿನ ಮುಂದೆ

"ಮುಂದೆ ಏನಿತ್ತು ಹೇಳ್ರಿ," ಎಂದ ಕಡತದ ಉಗ್ರಾಣದ ಗುಮಾಸ್ತ ಶಿವಮೂರ್ತಪ್ಪ. "ಹಿಂದಿನದು ಗೊತ್ತಾತು, ಹನುಮ. ಹನುಮನ ಮುಂದೆ ಏನಿತ್ತು?"

ಉಡಚಮ್ಮ ಕಟಕಟೆಗೆ ಎರಡೂ ಕೈ ಊರಿ ನಿಂತಿದ್ದಳು. ಸಿದ್ದನಕಟ್ಟೆಯ ಹಟ್ಟಿಯಿಂದ ಮೊದಲ ಬಸ್ಸಿಗೇ ಚನ್ನಗಿರಿಗೆ ಬಂದವಳು, ಇನ್ನೂ ಬಾಯಿಗೆ ನೀರು ಹಾಕಿರಲಿಲ್ಲ.

"ನಮ್ಮಪ್ಪನ ಹೆಸರು ಚಿಕ್ಕಹನುಮಂತಪ್ಪ. ಬರೆದೋರು ಏನು ಬರಕೊಂಡ್ರೋ ನಾ ಏನು ಕಾಣೆ? ಊರೋರು ಕರಿಹನುಮ ಅಂತಿದ್ರು, ಕುಂಟಹನುಮ ಅಂತಿದ್ರು. ಸಿಟ್ಟು ಬಂದ್ರೆ ಇನ್ನೂ ಏನೇನೋ ಅಂತಿದ್ರು. ಬಾಯಿ ಅವರದ್ದು."

"ಚ ನೋಡಿದೆ, ಇಲ್ಲ. ಕ ನೋಡಿದೆ, ಕರಿನೂ ಇಲ್ಲ, ಕುಂಟನೂ ಇಲ್ಲ. ಹ ಮೇಲೆ ಮೇಲೆ ನೋಡಿದೆ. ಬರೇ ಬಾಲ ಹಿಡಕೊಂಡು ಹುಡುಕು ಅಂದ್ರೆ ಕೊಟ್ಟಿಗೆಯಾಗಿರೋ ಎಲ್ಲಾ ದನಾನೂ ಎಬ್ಬಿಸಬೇಕಾಗತೈತೆ ಕಣಮ್ಮ. ಅ ಇಂದ ಹಿಡದು ಕಡೇ ಅಕ್ಷರದ ತನಕ."

"ಎಬ್ಬಿಸ್ರಿ," ಎಂದ ಓಂಕಾರಪ್ಪ. "ಅದಕ್ಕೇ ಅಲ್ಲೇನ್ರೀ ಸಂಬಳ?"

ಓಂಕಾರಪ್ಪ ಉಡಚಮ್ಮನ ಅಣ್ಣನ ಮಗ. ನ್ಯಾಮತಿ ಕಡೆಯ ಒಂದು ಹಳ್ಳಿಯಲ್ಲಿ ಮೇಷ್ಟ್ರು. ಇವತ್ತು ಶಾಲೆಗೆ ರಜೆ ಬರೆದು ಅತ್ತೆಯ ಜೊತೆ ಬಂದಿದ್ದ. ಶಿವಮೂರ್ತಪ್ಪ ಅವನ ಮುಖ ನೋಡದೆ ಅ ಪುಸ್ತಕವನ್ನು ಕಪಾಟಿನಿಂದ ಇಳಿಸಿಕೊಂಡ. ಧೂಳು ಎದ್ದಿತು. ಹಳೆ ಅಡಿಕೆಯ ವಾಸನೆಯೂ ಎದ್ದಿತು. ಈ ಉಗ್ರಾಣ ಮೊದಲು ಅಡಿಕೆ ಮಂಡಿಯದು. ಮಂಡಿ ದೊಡ್ಡ ಕಟ್ಟಡಕ್ಕೆ ಹೋದ ಮೇಲೆ ಸರ್ಕಾರ ಬಾಡಿಗೆಗೆ ಹಿಡಿದು, ಸುತ್ತಲ ಹೋಬಳಿಗಳ ಹಳೆ ಮಂಜೂರಾತಿ ಕಡತಗಳನ್ನು ಇಲ್ಲಿ ತಂದು ತುಂಬಿತ್ತು. ಯಾರಿಗೆ ಯಾವ ಹೊಲ ಕೊಟ್ಟಿತ್ತು ಎಂಬುದೆಲ್ಲ ಇಲ್ಲಿತ್ತು. ಹುಡುಕುವುದಕ್ಕೆ ಇದ್ದದ್ದು ಒಂದೇ ದಾರಿ: ಅಕ್ಷರಕ್ಕೊಂದು ಹೆಸರಿನ ಪುಸ್ತಕ. ಹೆಸರಿನ ಮೊದಲಕ್ಷರ ಗೊತ್ತಿದ್ದವನಿಗೆ ಬೀಡಿ ಸೇದಿ ಮುಗಿಸುವಷ್ಟರಲ್ಲಿ ಕಡತ ಸಿಗುತ್ತಿತ್ತು. ಗೊತ್ತಿಲ್ಲದವನಿಗೆ ಇಡೀ ಕಪಾಟು.

"ಸರ್ವೆ ನಂಬರ್ ಮೇಲೆ ಹುಡುಕಾಕೆ ಬರಲ್ವಾ?" ಓಂಕಾರಪ್ಪ ಕೇಳಿದ.

"ಹೊಲ ಒಡದು ಅಳತೆ ಮಾಡಿದ ಮ್ಯಾಲೆ ನಂಬರೆಲ್ಲ ಬದಲಾಗ್ಯಾವೆ. ಹಳೇ ನಂಬರ್ ಯಾವುದು ಅಂತ ತಿಳೀಬೇಕಂದ್ರೂ ಆ ಕಡತಾನೇ ಬೇಕು. ಅದು ಸಿಗಬೇಕಂದ್ರೆ ಹೆಸರು ಬೇಕು." ಶಿವಮೂರ್ತಪ್ಪ ಬೆರಳಿಗೆ ಎಂಜಲು ಹಚ್ಚಿ ಹಾಳೆ ತಿರುವಿದ. "ಮುಂದೆ ಏನಿತ್ತು ಅಂತ ನೆನಪು ಮಾಡ್ಕಳ್ರಿ ಅಂತೀನಿ."

ನೆನಪು ಮಾಡಿಕೊಳ್ಳುವುದಕ್ಕೆ ಹೊತ್ತಿರಲಿಲ್ಲ. ಮಧ್ಯಾಹ್ನ ಉಪವಿಭಾಗದ ಏಸಿ ಸಾಹೇಬರು ಪ್ರವಾಸಿ ಮಂದಿರದಲ್ಲಿ ಕೂತು ಹೊಲದ ಅರ್ಜಿಗಳನ್ನು ವಿಚಾರಿಸುವವರಿದ್ದರು. ಸರ್ಕಾರ ಹಟ್ಟಿಯ ಜನಕ್ಕೆ ಕೊಟ್ಟ ಹೊಲವನ್ನು ಬೇರೆಯವರು ಬರೆಸಿಕೊಂಡಿದ್ದರೆ ಆ ಬರಹ ಸಲ್ಲದು, ಹೊಲ ಹಿಂದಕ್ಕೆ ಬರಬೇಕು ಎಂದು ಕಾಯ್ದೆ ಬಂದು ಎರಡು ವರ್ಷವಾಗಿತ್ತು. ಉಡಚಮ್ಮನ ಅಪ್ಪನಿಗೆ ಕೆರೆಯ ಕೆಳಗೆ ಸಿಕ್ಕಿದ್ದ ಹೊಲವನ್ನು ಈಗ ಉಳುತ್ತಿದ್ದವನು ಊರಿನ ಸಾವ್ಕಾರ ಮಹೇಶ್ವರಪ್ಪ. ಸಾಯುವ ಹೊತ್ತಿನಲ್ಲಿ ಮುದುಕನ ಹೆಬ್ಬೆಟ್ಟು ಒತ್ತಿಸಿಕೊಂಡಿದ್ದ. ಈಗ ಅವನ ವಕೀಲ ಹೇಳುತ್ತಿದ್ದುದು ಒಂದೇ ಮಾತು: ಅದು ಸರ್ಕಾರ ಕೊಟ್ಟ ಹೊಲವೇ ಅಲ್ಲ, ಕೊಟ್ಟಿದ್ದರೆ ಮಂಜೂರಾತಿ ತೋರಿಸಲಿ. ಸಾಹೇಬರು ಕಳೆದ ಸಲವೇ ಹೇಳಿದ್ದರು, ಮುಂದಿನ ಸಲ ನಕಲು ತರದಿದ್ದರೆ ಅರ್ಜಿ ವಜಾ ಎಂದು. ಆ ಮುಂದಿನ ಸಲ ಇವತ್ತೇ.

ಶಿವಮೂರ್ತಪ್ಪ ಅ ಮುಗಿಸಿ ಆ ತೆಗೆದ. ತುಟಿ ಅಲ್ಲಾಡಿಸುತ್ತಾ ಒಂದೊಂದೇ ಸಾಲು ಓದುತ್ತಿದ್ದ. ನಡುನಡುವೆ ಕನ್ನಡಕ ತೆಗೆದು ಒರೆಸುತ್ತಿದ್ದ.

"ಬೇಕಂತಲೇ ಎಳೀತಾ ಇದಾನೆ," ಓಂಕಾರಪ್ಪ ಅತ್ತೆಯ ಕಿವಿಯಲ್ಲಿ ಹೇಳಿದ.

"ಸುಮ್ನಿರು ಓಂಕಾರ. ಹುಡುಕೋ ಕೈಗೆ ಚುಚ್ಚಬ್ಯಾಡ."

ಬಾಗಿಲಲ್ಲಿ ನೆರಳು ಬಿತ್ತು. ಮಹೇಶ್ವರಪ್ಪ. ಬಿಳಿ ಪಂಚೆ, ಹೆಗಲ ಮೇಲೆ ಟವಲು. ಹಿಂದೆ ಅವನ ಆಳು ಬೆನಕಪ್ಪ ಕೊಡೆ ಹಿಡಿದು ನಿಂತಿದ್ದ.

"ಏನ್ ಮೇಷ್ಟ್ರೇ, ಸಿಕ್ಕನೇನು ನಿಮ್ಮ ಹನುಮಪ್ಪ? ಸಂಜೀವಿನಿ ತರಾಕೆ ಹೋದೋನು ಇನ್ನೂ ಬಂದಿಲ್ಲೇನು?"

ಬೆನಕಪ್ಪ ಹೊಟ್ಟೆ ಕುಲುಕಿಸಿ ನಕ್ಕ.

"ಬೆಟ್ಟ ಹೊತ್ಕೊಂಡೇ ಬರ್ತಾನೆ ಸಾವ್ಕಾರ್ರೇ," ಎಂದಳು ಉಡಚಮ್ಮ. "ತಲೀ ಮ್ಯಾಲೆ ಬೀಳದಂಗೆ ದೂರ ನಿಂತ್ಕಳ್ರಿ."

"ಬಾಯಿ ಜೋರಾಗೈತೆ ನಿನಗೆ. ಅಳಿಯ ಓದಿಸ್ಯಾನೆ." ಮಹೇಶ್ವರಪ್ಪ ಶಿವಮೂರ್ತಪ್ಪನ ಕಡೆ ತಿರುಗಿದ. "ನಿಧಾನಕ್ಕೆ ನೋಡ್ರಿ. ಆತುರ ಮಾಡಿ ಕಣ್ಣು ಕೆಡಿಸ್ಕೋಬ್ಯಾಡ್ರಿ. ಬಿಸಿಲು ಬೇರೆ."

ಅವನು ಹೋದ. ಓಂಕಾರಪ್ಪನ ಕಿವಿ ಕೆಂಪಾಗಿತ್ತು. ಕಟಕಟೆಯ ಮೇಲಿಂದ ಬಗ್ಗಿ ಒಂದು ಪುಸ್ತಕದ ಮೇಲೆ ಕೈ ಇಟ್ಟ. "ಅದನ್ನ ಇಲ್ಲಿ ಕೊಡ್ರಿ. ಇಬ್ಬರೂ ಹುಡುಕೋಣ."

"ಮುಟ್ಟಂಗಿಲ್ಲ," ಎಂದ ಶಿವಮೂರ್ತಪ್ಪ.

ಮಾತು ಬಾಯಿಂದ ಬಿದ್ದ ಮೇಲೆ ಅವನ ಮುಖ ಬಿಳುಪೇರಿತು.

"ಏನಂದ್ರಿ?"

"ಪುಸ್ತಕ ರೀ... ಹೊರಗಿನೋರು ಯಾರೂ ಪುಸ್ತಕ ಮುಟ್ಟಂಗಿಲ್ಲ. ರೂಲ್ಸು. ಎಲ್ಲರಿಗೂ."

"ಎಲ್ಲರಿಗೂ ಅನ್ನೋದನ್ನ ನಾವು ಹುಟ್ಟಿದಾಗಿಂದ ಕೇಳೀವಿ. ಬಾವಿ ಎಲ್ಲರಿಗೂ, ಗುಡಿ ಎಲ್ಲರಿಗೂ. ಸರಿ, ನೀವೇ ಓದ್ರಿ. ಆದ್ರೆ ತುಟಿಯೊಳಗೆ ಬ್ಯಾಡ. ಜೋರಾಗಿ ಓದ್ರಿ, ನಮ್ಮ ಕಿವಿಗೆ ಬೀಳಂಗೆ. ಹ ಇನ್ನೊಂದು ಸಲ."

ಆ ಉಗ್ರಾಣದ ಬಾಗಿಲಲ್ಲಿ ಕಳೆದ ಬೇಸಿಗೆಯಲ್ಲಿ ಏನು ನಡೆದಿತ್ತು ಎಂಬುದು ಶಿವಮೂರ್ತಪ್ಪನಿಗೆ ಗೊತ್ತಿತ್ತು. ಅವನಿಗಿಂತ ಮುಂಚೆ ಇದ್ದ ಗುಮಾಸ್ತ ಕಟಕಟೆಯಲ್ಲಿ ನಿಂತಿದ್ದ ಒಬ್ಬ ಮುದುಕನನ್ನು ಜಾತಿ ಹಿಡಿದು ಕರೆದಿದ್ದ. ಓಂಕಾರಪ್ಪ ಕಟ್ಟಿದ್ದ ಓದು ಬಳಗದವರು ಹೊನ್ನಾಳಿಯಿಂದ, ಬಸವಾಪಟ್ಟಣದಿಂದ ಜನ ಕೂಡಿಸಿಕೊಂಡು ಬಂದು ಇಲ್ಲೇ ಧರಣಿ ಕೂತರು. ಗುಮಾಸ್ತ ಕೈ ಮುಗಿದು ಕ್ಷಮೆ ಕೇಳಿದ. ಅವನಿಗೆ ಎತ್ತಂಗಡಿಯಾಯಿತು. ಅವನ ಜಾಗಕ್ಕೆ ಜಗಳೂರಿನಿಂದ ಬಂದವನೇ ಈ ಶಿವಮೂರ್ತಪ್ಪ. ಅದೇ ವಾರ ಓಂಕಾರಪ್ಪ ಸಿದ್ದನಕಟ್ಟೆಯ ಹಟ್ಟಿಯಲ್ಲಿ ಬಾಬಾಸಾಹೇಬರ ಪಟದ ಮುಂದೆ ಎಲ್ಲರಿಂದ ಆಣೆ ಮಾಡಿಸಿದ್ದ: ಯಾರಾದರೂ ಜಾತಿ ಹಿಡಿದು ಕರೆದರೆ ಓಗೊಡಬಾರದು. ನಾವೂ ಆ ಮಾತನ್ನು ನಮ್ಮ ಹೆಸರಿಗೆ ಅಂಟಿಸಿ ಹೇಳಬಾರದು. ಉಡಚಮ್ಮ ಮೊದಲಿಗೆ ಎದ್ದು ಆಣೆ ಮಾಡಿದ್ದಳು.

ಶಿವಮೂರ್ತಪ್ಪ ಓದತೊಡಗಿದ. "ಹನುಮಂತೇಗೌಡ. ಹನುಮಂತಯ್ಯ, ಶಾನುಭೋಗರ ಮಗ. ಹನುಮನಗೌಡ. ಹನುಮಂತರಾವ್. ಹಾಲಪ್ಪ, ಪಟೇಲರ ತಮ್ಮ. ಹಾಲಸ್ವಾಮಿ..."

ಓಂಕಾರಪ್ಪ ಕಣ್ಣು ಮುಚ್ಚಿ ಕೇಳುತ್ತಿದ್ದ. ಗೌಡ, ರಾವ್, ಅಯ್ಯ. ಊರಿನ ಒಳಗಿನ ಬೀದಿಗಳಲ್ಲಿ ನಡೆದು ಹೋದಂತೆ ಹೆಸರುಗಳು ಹೋಗುತ್ತಿದ್ದವು. ಊರು ಮುಗಿಯುತ್ತಿತ್ತು, ಹಟ್ಟಿ ಬರುತ್ತಿರಲಿಲ್ಲ. ಅವನಿಗೆ ಏನೋ ಹೊಳೆದಂತಾಯಿತು.

"ನಿಲ್ಲಿಸ್ರಿ. ಗ ತಗೀರಿ."

"ಗ ಯಾಕ್ರೀ? ಗಿಡ್ಡಹನುಮ ಅಂತ ಏನಾದ್ರೂ...?"

"ಗಾದ್ರಪ್ಪ. ನಮ್ಮ ಹಟ್ಟಿಯೋನೇ. ಅವರಪ್ಪನ ಹೆಸರೂ ಗಾದ್ರಪ್ಪಾನೇ, ಅಜ್ಜನ ಹೆಸರೂ ಗಾದ್ರಪ್ಪಾನೇ. ನಮ್ಮ ಅಜ್ಜನಿಗೆ ಕೊಟ್ಟ ದಿನಾನೇ ಅವರಿಗೂ ಹೊಲ ಕೊಟ್ರು. ಅವರು ಇವತ್ತಿಗೂ ಉಳ್ತಾ ಇದಾರೆ, ತಕರಾರಿಲ್ಲ. ಅವರ ಹೆಸರು ಇರಲೇಬೇಕು. ನೋಡ್ರಿ."

ಶಿವಮೂರ್ತಪ್ಪ ಗ ಪುಸ್ತಕ ಇಳಿಸಿದ. ಗಂಗಪ್ಪ, ಗದಿಗೆಪ್ಪ, ಗವಿಸಿದ್ದಪ್ಪ. ಗಾದ್ರಪ್ಪ ಇರಲಿಲ್ಲ.

"ದ ತಗೀರಿ. ದುರುಗಪ್ಪ. ನಮ್ಮಾಗೆ ಮನೀಗೊಬ್ಬ ದುರುಗಪ್ಪ ಅದಾನೆ."

ದ ಪುಸ್ತಕದಲ್ಲಿ ಹಟ್ಟಿಯ ದುರುಗಪ್ಪ ಒಬ್ಬನೂ ಇರಲಿಲ್ಲ.

"ಅಂದ್ರೆ ತಪ್ಪು ನಮ್ಮಜ್ಜನ ಹೆಸರಿನಾಗಿಲ್ಲ," ಎಂದ ಓಂಕಾರಪ್ಪ. ಅವನ ದನಿ ಇಳಿದಿತ್ತು, ಅದಕ್ಕೇ ಹೆಚ್ಚು ಹೆದರಿಕೆ ಹುಟ್ಟಿಸುವಂತಿತ್ತು. "ಇರೋನೂ ಸಿಗಲ್ಲ, ಸತ್ತೋನೂ ಸಿಗಲ್ಲ. ಇಡೀ ಹಟ್ಟೀನೇ ನಿಮ್ಮ ಪುಸ್ತಕದಾಗಿಲ್ಲ. ನಮ್ಮೋರನ್ನ ಎಲ್ಲಿಟ್ಟೀರಿ ಶಿವಮೂರ್ತಪ್ಪಾರೇ?"

ಹಾಳೆ ತಿರುವುತ್ತಿದ್ದ ಕೈ ನಿಂತಿತು. ಶಿವಮೂರ್ತಪ್ಪ ಕಪಾಟಿನ ಕೆಳಗಿನ ಸಾಲನ್ನು ಒಮ್ಮೆ ನೋಡಿ, ನೋಡಿಲ್ಲವೆಂಬಂತೆ ಕಣ್ಣು ಕಿತ್ತುಕೊಂಡ.

"ನನ್ನ ಬಾಯಿಂದ ಬ್ಯಾಡ ರೀ."

"ಗೊತ್ತಿತ್ತಾ ನಿಮಗೆ?"

"ಗೊತ್ತಿಲ್ದೆ ಏನು? ಎಲ್ಲಾ ಉಗ್ರಾಣದಾಗೂ ಹಂಗೇ ಐತೆ. ಜಗಳೂರಾಗೂ ಹಂಗೇ ಇತ್ತು. ಹಳೇ ಶಾನುಭೋಗರು ಹಂಗೇ ಬರದು ಹೋಗ್ಯಾರೆ."

"ಬೆಳಗಿಂದ ಅ ಆ ಇ ಈ ಅಂತ ಓದಿದ್ರಲ್ಲ. ಹೊತ್ತು ಹೋಗ್ಲಿ ಅಂತಾನಾ? ಆ ಸಾವ್ಕಾರ ನಿಧಾನಕ್ಕೆ ನೋಡ್ರಿ ಅಂದ, ನೋಡಿದ್ರಾ?"

"ಅಯ್ಯೋ ಇಲ್ಲ ಕಣ್ರೀ!" ಶಿವಮೂರ್ತಪ್ಪ ಪುಸ್ತಕ ಮುಚ್ಚಿದ. "ಹೆಂಗೆ ಹೇಳಲಿ? ನಿಮ್ಮಜ್ಜನ ಹೆಸರಿನ ಮುಂದೆ ಇಂಥದ್ದಿತ್ತಾ ಅಂತ ನಾ ಬಾಯಿ ಬಿಟ್ಟು ಕೇಳಿದ್ರೆ ನೀವು ಸುಮ್ನೆ ಬಿಡ್ತಿದ್ರಾ? ನನ್ನ ಮುಂಚೆ ಇದ್ದೋನು ಈಗ ಎಲ್ಲಿದಾನೆ ಅಂತ ಇಡೀ ಊರಿಗೇ ಗೊತ್ತು. ನನಗೂ ಹೆಂಡ್ರು ಮಕ್ಕಳು ಅದಾರೆ. ನೀವೇ ಹೇಳಲಿ ಅಂತ ಕಾದೆ. ಮುಂದೆ ಏನಿತ್ತು, ಮುಂದೆ ಏನಿತ್ತು ಅಂತ ಬಾಯಿ ಒಣಗಂಗೆ ಕೇಳಿದೆ."

ಓಂಕಾರಪ್ಪ ಕೆಳಗಿನ ಸಾಲಿನ ಪುಸ್ತಕಗಳನ್ನು ನೋಡಿದ. ಬರೆಯುವಾಗ ಆ ಶಾನುಭೋಗರ ಕೈ ನಡುಗಿರಲಿಲ್ಲ. ಊರಿನವನಿಗೆ ಅವನ ಹೆಸರೇ ಅಕ್ಷರವಾಯಿತು. ಹಟ್ಟಿಯವನಿಗೆ ಜಾತಿಯೇ ಅಕ್ಷರವಾಯಿತು. ಊರ ಹೊರಗೆ ಇಟ್ಟದ್ದು ಸಾಲದೆ ಪುಸ್ತಕದಲ್ಲೂ ಒಂದು ಹಟ್ಟಿ ಕಟ್ಟಿ, ಎಲ್ಲರನ್ನೂ ಅದರೊಳಗೆ ತುಂಬಿದ್ದರು. ಈಗ ಆ ಬಾಗಿಲು ತೆಗೆಯಬೇಕಾದರೆ ಯಾವ ಮಾತನ್ನು ಹೂತಿದ್ದರೋ ಅದನ್ನೇ ಅಗೆದು ತೆಗೆಯಬೇಕು. ಅದೂ ಅವನೇ ತೆಗೆಯಬೇಕು.

"ಮ ತಗೀರಿ," ಎಂದ.

"ಮ ಮೂರು ಪುಸ್ತಕ ಅದಾವೆ," ಶಿವಮೂರ್ತಪ್ಪ ನೆಲ ನೋಡುತ್ತಾ ಹೇಳಿದ. "ಯಾವುದು?"

ಓಂಕಾರಪ್ಪ ಅತ್ತೆಯ ಕಡೆ ನೋಡಿದ. ಉಡಚಮ್ಮ ತಲೆಯಾಡಿಸಲಿಲ್ಲ, ಬೇಡ ಎನ್ನಲಿಲ್ಲ. ಸೆರಗಿನ ತುದಿಯನ್ನು ಹಲ್ಲಿನಲ್ಲಿ ಕಚ್ಚಿ ನಿಂತಿದ್ದಳು.

"ಮಾದಿಗ," ಎಂದ ಓಂಕಾರಪ್ಪ. "ಮಾದಿಗರ ಪುಸ್ತಕ ತಗಿ."

ಕೆಳಸಾಲಿನಿಂದ ಬಂದದ್ದು ಎಲ್ಲಕ್ಕಿಂತ ದಪ್ಪನೆಯ ಪುಸ್ತಕ. ಮಾದಿಗರ ಗಾದ್ರ. ಮಾದಿಗರ ದುರುಗ. ಮಾದಿಗರ ತಿಪ್ಪ. ಕೆರೆಬಿಳಚಿಯ ಹಟ್ಟಿ, ಬಸವಾಪಟ್ಟಣದ ಹಟ್ಟಿ, ಸಿದ್ದನಕಟ್ಟೆಯ ಹಟ್ಟಿ, ಎಲ್ಲ ಒಂದೇ ಮಾತಿನ ಕೆಳಗೆ ಸಾಲು ಹಿಡಿದು ಕೂತಿದ್ದವು. ಯಾರ ಹೆಸರಿಗೂ ಅಪ್ಪ ಇರಲಿಲ್ಲ, ಅಣ್ಣ ಇರಲಿಲ್ಲ. ಹನುಮರೇ ಹಾಳೆಗಟ್ಟಲೆ ಇದ್ದರು. ಈಗ ಶಿವಮೂರ್ತಪ್ಪನ ಬೆರಳು ಓಡಿತು. ಸಿದ್ದನಕಟ್ಟೆಯವರನ್ನು ಮಾತ್ರ ಹಿಡಿದು, ಉಳಿದವರನ್ನು ದಾಟಿ, ಒಂದು ಸಾಲಿನ ಮೇಲೆ ನಿಂತಿತು.

"ಮಾ..." ಎಂದು ನುಂಗಿಕೊಂಡ. "ಚಿಕ್ಕಹನುಮ. ಸಿದ್ದನಕಟ್ಟೆ. ಕೆರೆ ಕೆಳಗಿನ ಹೊಲ."

ಉಡಚಮ್ಮ ಕಟಕಟೆಯ ಮೇಲೆ ಬಗ್ಗಿದಳು. "ಎಲ್ಲಿ, ತೋರಿಸ್ರಿ. ಮುಟ್ಟಲ್ಲ, ದೂರದಿಂದ ತೋರಿಸ್ರಿ."

ಶಿವಮೂರ್ತಪ್ಪ ಪುಸ್ತಕವನ್ನು ಅವಳ ಮುಂದೆ ತಿರುಗಿಸಿ ಇಟ್ಟ. ಅವಳು ಓದಲಾರದ ಆ ಸಾಲನ್ನು ಬಹಳ ಹೊತ್ತು ನೋಡಿದಳು. ಮುಟ್ಟಿದ್ದರೂ ಅವನು ಬೇಡ ಅನ್ನುತ್ತಿರಲಿಲ್ಲ.

ಕಡತ ಸಿಕ್ಕಿತು. ನಕಲು ಬರೆಯಲು ಕೂತಾಗ ಓಂಕಾರಪ್ಪ, "ಚಿಕ್ಕಹನುಮಂತಪ್ಪ ಅಂತ ಬರೀರಿ," ಎಂದ.

"ಇದು ನಕಲು ಕಣ್ರೀ. ಇದ್ದಂಗೇ ಬರೀಬೇಕು. ಒಂದಕ್ಷರ ಆಚೀಚೆ ಆದ್ರೆ ಅವರ ವಕೀಲ ನಿಮ್ಮೆದುರಿಗೇ ಹರದು ಹಾಕ್ತಾನೆ."

ಇದ್ದಂತೆಯೇ ಬರೆದ. ಸೀಲು ಒತ್ತಿದ. ಇಬ್ಬರೂ ಬಿಸಿಲಿನಲ್ಲಿ ಪ್ರವಾಸಿ ಮಂದಿರಕ್ಕೆ ಓಡಿದರು. ಬಾಗಿಲಲ್ಲಿ ಕೂತಿದ್ದ ಗುಮಾಸ್ತ ನಕಲು ನೋಡಿ, ಹೊಲ ಮೊದಲು ಪಡೆದವನ ಹೆಸರನ್ನು ಕರೆಯುವ ಚೀಟಿಯ ಮೇಲೆ ಇಳಿಸಿಕೊಂಡ. ಈ ಖಟ್ಲೆಗಳನ್ನು ಕೂಗುತ್ತಿದ್ದದ್ದೇ ಆ ಹೆಸರಿನಿಂದ. ಮೂರು ಸಲ ಕೂಗಿದಾಗ ಯಾರೂ ಓಗೊಡದಿದ್ದರೆ ಗೈರು ಹಾಜರಿ, ಅರ್ಜಿ ವಜಾ.

ಹುಣಸೆ ಮರದ ಕೆಳಗೆ ಮಹೇಶ್ವರಪ್ಪ ವಕೀಲನ ಜೊತೆ ಕೂತಿದ್ದ. ದಫೇದಾರ ಮೆಟ್ಟಿಲ ಮೇಲೆ ನಿಂತು ಚೀಟಿ ಕಣ್ಣಿಗೆ ಹಿಡಿದ.

"ಮಾದಿಗರ ಚಿಕ್ಕಹನುಮ! ಮಾದಿಗರ ಚಿಕ್ಕಹನುಮನ ಕಡೆಯೋರು ಯಾರಾದ್ರೂ ಅದೀರೇನೋ!"

ಅಂಗಳದಲ್ಲಿ ಕೂತಿದ್ದ ಉಡಚಮ್ಮ ಅಲ್ಲಾಡಲಿಲ್ಲ.

"ಅತ್ತೆ, ನಮ್ಮದೇ. ಏಳು."

"ನನ್ನ ಕರೀಲಿಲ್ಲ."

"ಅತ್ತೇ!"

"ಪಟದ ಮುಂದೆ ಆಣೆ ಹಾಕ್ಸಿದೋನು ನೀನು. ಹಂಗೆ ಕರದ್ರೆ ಓ ಅನ್ನಬ್ಯಾಡ ಅಂದೋನು ನೀನು. ಪುಸ್ತಕ ತೆಗಿಸಾಕೆ ನೀನು ಅಂದಿ, ನಿನ್ನ ಬಾಯಿ ನಿನ್ನದು. ನಾ ಓ ಅನ್ನಲ್ಲ."

ದಫೇದಾರ ಎರಡನೇ ಸಲ ಕೂಗಿದ. ಓಂಕಾರಪ್ಪ ಮೆಟ್ಟಿಲಿಗೆ ಓಡಿದ. "ರೀ, ಚಿಕ್ಕಹನುಮಂತಪ್ಪ ಅಂತ ಕರೀರಿ!"

"ಚೀಟಿಯಾಗಿರೋದು ಕರಿಯಾಕೆ ನನಗೆ ಹೇಳಿರೋದು. ಬರದೋರನ್ನ ಕೇಳು ಹೋಗು."

"ಯಾರೂ ಇಲ್ಲ ಅಂತ ಬರಕೊಳ್ರಿ ಸ್ವಾಮಿ," ಮರದ ಕೆಳಗಿನಿಂದ ಮಹೇಶ್ವರಪ್ಪ ಕೂಗಿದ. "ಕಿವುಡರ ಸಂತೆ!"

ದಫೇದಾರ ಮೂರನೇ ಸಲಕ್ಕೆ ಉಸಿರೆಳೆದುಕೊಂಡ. ಅಷ್ಟರಲ್ಲಿ ಉಡಚಮ್ಮ ಎದ್ದಳು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಓಗೊಡದೆ, ಮೆಟ್ಟಿಲು ಹತ್ತಿ, ಅವನ ತೋಳಿನ ಕೆಳಗೆ ನುಸುಳಿ ಒಳಗೆ ಹೋದಳು.

"ಏ ಏ, ನಿನ್ನ ಕರದಿಲ್ಲ!"

"ಗೊತ್ತೈತೆ. ಅದಕ್ಕೇ ನಾನೇ ಬಂದೆ."

ಏಸಿ ಸಾಹೇಬರು ತಲೆಯೆತ್ತಿದರು. ಮಧ್ಯವಯಸ್ಸಿನ, ದಣಿದ ಮುಖದ ಮನುಷ್ಯ. "ಯಾರಮ್ಮ ನೀನು?"

"ಸಿದ್ದನಕಟ್ಟೆ ಚಿಕ್ಕಹನುಮಂತಪ್ಪನ ಮಗಳು ಉಡಚಮ್ಮ. ನಮ್ಮ ಹೊಲದ ಮಂಜೂರಾತಿ ತಂದೀನಿ, ನೋಡ್ರಿ."

ಹಿಂದೆಯೇ ನುಗ್ಗಿದ್ದ ಮಹೇಶ್ವರಪ್ಪನ ವಕೀಲ ನಕಲನ್ನು ಕಸಿದಂತೆ ತೆಗೆದುಕೊಂಡು ಓದಿದ. ಅವನ ಕಣ್ಣು ಮಿನುಗಿತು. "ಸ್ವಾಮಿ, ಈಕೆ ಹೇಳೋ ಹೆಸರೇ ಬೇರೆ, ಇಲ್ಲಿರೋ ಹೆಸರೇ ಬೇರೆ. ಅರ್ಜಿಯಲ್ಲಿ ಚಿಕ್ಕಹನುಮಂತಪ್ಪ. ಮಂಜೂರಾತಿಯಲ್ಲಿ ಇರುವವನು ಬೇರೆ ಮನುಷ್ಯ. ಈಕೆಗೂ ಅವನಿಗೂ ಸಂಬಂಧ ಏನು ಅಂತ ದಾಖಲೆ ಬೇಕಲ್ಲ?"

ಅರ್ಜಿ ಬರೆದವನು ಓಂಕಾರಪ್ಪನೇ. ಹೆಸರನ್ನು ಮರ್ಯಾದೆಯಿಂದ ಬರೆದಿದ್ದ. ಆ ಮರ್ಯಾದೆಯೇ ಈಗ ಹೊಲ ನುಂಗಲು ಬಾಯಿ ತೆರೆದಿತ್ತು. ಸಾಹೇಬರು ಎರಡೂ ಕಾಗದವನ್ನು ಅಕ್ಕಪಕ್ಕ ಇಟ್ಟು ಹುಬ್ಬು ಗಂಟಿಕ್ಕಿದರು.

"ಹೌದಲ್ಲಮ್ಮ. ಇಬ್ಬರೂ ಒಬ್ಬನೇ ಅಂತ ಯಾರು ಹೇಳ್ತಾರೆ?"

ಉಡಚಮ್ಮ ಸುತ್ತ ನೋಡಿದಳು. ಬಾಗಿಲಲ್ಲಿ ಮಹೇಶ್ವರಪ್ಪ ಮೀಸೆ ಸವರುತ್ತಾ ನಿಂತಿದ್ದ.

"ಸಾವ್ಕಾರ್ರು ಹೇಳ್ತಾರೆ," ಎಂದಳು. "ನಮ್ಮಪ್ಪ ಹುಟ್ಟಿದಾಗಿಂದ ಸಾಯೋ ತನಕ ಅವರ ಮನೀ ಹಿತ್ತಲಾಗೇ ದುಡದೋನು. ಸಾವ್ಕಾರ್ರೇ, ಒಳಗೆ ಬರ್ರಿ. ನೀವು ನಮ್ಮಪ್ಪನ್ನ ಏನಂತ ಕರೀತಿದ್ರಿ? ದಿನಾ ಬೆಳಗಾದ್ರೆ ಅಂಗಳದಾಗೆ ನಿಂತು ಕೂಗ್ತಿದ್ರಲ್ಲ, ಹಂಗೇ ಕೂಗ್ರಿ. ಸಾಹೇಬ್ರು ಕೇಳಲಿ."

ಮಹೇಶ್ವರಪ್ಪನ ಬೆರಳು ಮೀಸೆಯ ಮೇಲೇ ನಿಂತಿತು. ಕರೆದದ್ದನ್ನು ಕರೆದಂತೆ ಹೇಳಿದರೆ ಅದೇ ಮಂಜೂರಾತಿಯ ಹೆಸರು. ಸರ್ಕಾರಿ ಅಧಿಕಾರಿಯ ಮುಂದೆ ಆ ಮಾತು ಆಡಿದರೆ ಬೇರೆ ಖಟ್ಲೆ, ಅದಕ್ಕೆ ಜೈಲು. ಹಿಂದಿನ ಗುಮಾಸ್ತನ ಕಥೆ ಅವನಿಗೂ ಗೊತ್ತಿತ್ತು. ಬಾಗಿಲಾಚೆ ಹಟ್ಟಿಯ ಮೇಷ್ಟ್ರು ಕೈಕಟ್ಟಿ ನಿಂತಿದ್ದ.

"ಹೇಳ್ರಿ," ಎಂದರು ಸಾಹೇಬರು. "ಏನಂತ ಕರೀತಿದ್ರಿ?"

ವಕೀಲ ಕಣ್ಸನ್ನೆ ಮಾಡಿದ, ಗೊತ್ತಿಲ್ಲ ಅನ್ನು ಎಂದು. ಆದರೆ ಗೊತ್ತಿಲ್ಲದವನ ಹೆಬ್ಬೆಟ್ಟು ಒತ್ತಿಸಿಕೊಂಡದ್ದು ಹೇಗೆ? ಮಹೇಶ್ವರಪ್ಪನ ಟವಲು ಹೆಗಲಿನಿಂದ ಜಾರಿತು.

"ಚಿಕ್ಕಹನುಮಂತ..." ಎಂದ.

"ಪೂರಾ ಹೇಳ್ರಿ."

"ಚಿಕ್ಕಹನುಮಂತಪ್ಪ."

"ಸಿದ್ದನಕಟ್ಟೆ ಹಟ್ಟಿಯಲ್ಲಿ ಚಿಕ್ಕಹನುಮ ಅನ್ನೋರು ಇನ್ನೂ ಯಾರಾದ್ರೂ ಇದ್ರಾ?"

"ಇಲ್ಲ. ಒಬ್ಬನೇ."

"ಈ ನಕಲಲ್ಲಿರೋ ಕೆರೆ ಕೆಳಗಿನ ಹೊಲ ಅವರದ್ದೇ?"

ಮಹೇಶ್ವರಪ್ಪ ವಕೀಲನ ಮುಖ ನೋಡಿದ. ವಕೀಲ ಕಿಟಕಿಯಾಚೆ ನೋಡುತ್ತಿದ್ದ.

"ಅವರದ್ದೇ... ಆಗಿತ್ತು," ಎಂದ.

"ಬರಕೊಳ್ಳಿ," ಸಾಹೇಬರು ಗುಮಾಸ್ತನಿಗೆ ಹೇಳಿದರು. "ಮಂಜೂರಾತಿ ಪಡೆದವರು ಮತ್ತು ಅರ್ಜಿದಾರರ ತಂದೆ ಒಬ್ಬರೇ ಎಂದು ಎದುರುದಾರರು ಒಪ್ಪಿದ್ದಾರೆ. ಹೊಲ ಸರ್ಕಾರ ಕೊಟ್ಟದ್ದು. ಬರಹ ಸಲ್ಲದು. ಸ್ವಾಧೀನ ಅರ್ಜಿದಾರರಿಗೆ ಬಿಡಿಸಿಕೊಡತಕ್ಕದ್ದು."

ಗುಮಾಸ್ತನ ಲೇಖನಿ ಕರಕರ ಎಂದಿತು. ಉಡಚಮ್ಮ ಮೇಜಿನ ಹತ್ತಿರ ಬಗ್ಗಿದಳು. "ಅಪ್ಪ ಸೇರಿಸಿ ಬರದಿರೇನು?"

"ಸೇರಿಸೀನಮ್ಮ," ಎಂದ ಅವನು, ಸೇರಿಸುತ್ತಾ.

ಮಹೇಶ್ವರಪ್ಪ ಹೊರಡಲು ತಿರುಗಿದ. ಉಡಚಮ್ಮ ಅವನಿಗೆ ಬಾಗಿಲಲ್ಲಿ ಅಡ್ಡವಾದಳು.

"ಇನ್ನೊಂದ್ಸಲ ಕರೀರಿ ಸಾವ್ಕಾರ್ರೇ. ಕಿವುಡರ ಸಂತೆ ಅಂದ್ರಲ್ಲ, ಸರಿಯಾಗಿ ಕೇಳಿಸ್ಲಿಲ್ಲ."